ತಣ್ಣಗಿದ್ದಾಗ ಸರಿಯಿದ್ದ ಗಾಡಿ

ಸಿಡುಕ ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂದು ಕಟ್ಟಳೆಯಿತ್ತು. ಬಿಸಿ ಇಂಜಿನ್ನಿಗೆ ಅವನು ಕೈ ಹಚ್ಚುತ್ತಿರಲಿಲ್ಲ. ಕೆಲಸ ಕಲಿಯುವಾಗ ಸೈಲೆನ್ಸರಿಗೆ ತಗುಲಿ ಸುಟ್ಟ ಮೊಣಕೈ ಇನ್ನೂ ಸುಕ್ಕುಗಟ್ಟಿಕೊಂಡೇ ಇತ್ತು. ಗಾಡಿಯನ್ನು ಸಂಜೆ ತಂದು ಬಿಡಬೇಕು, ಅದು ತಣಿಯಬೇಕು, ಬೆಳಿಗ್ಗೆ ಅವನು ಬಿಚ್ಚಬೇಕು. ಅವಸರ ಮಾಡಿದವರ ಮುಂದೆ ಸ್ಪ್ಯಾನರ್ ಹಿಡಿದು, ನೀವೇ ಬಿಚ್ಚಿಕೊಳ್ಳಿ ಅನ್ನುತ್ತಿದ್ದ. ಈವರೆಗೆ ಯಾರೂ ಅದನ್ನು ತೆಗೆದುಕೊಂಡಿರಲಿಲ್ಲ.

ಡ್ರೈವರಜ್ಜನ ಹಳೇ ಬೈಕನ್ನೂ ಅವನು ಹೀಗೇ ಮೂರು ಬೆಳಿಗ್ಗೆ ಬಿಚ್ಚಿ ನೋಡಿದ್ದ. ಅಜ್ಜ ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಈಗ ದಿನಾ ಮೊಮ್ಮಗಳನ್ನು ಊರಾಚೆಯ ಶಾಲೆಗೆ ಬಿಟ್ಟು ಬರುವುದೇ ಅವನ ಉದ್ಯೋಗ. ಎರಡು ತಿಂಗಳಿಂದ ಗಾಡಿ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಕಳೆದರೆ ಒಂದೇ ಕಿಕ್ಕಿಗೆ ಹತ್ತುತ್ತಿತ್ತು. ಮೇಸ್ತ್ರಿ ಪ್ಲಗ್ ಬದಲಿಸಿದ, ಪಾಯಿಂಟ್ ಉಜ್ಜಿದ, ಪ್ಲಗ್ಗಿಗೆ ಕಿಡಿ ಕೊಡುವ, ಪೆಟ್ರೋಲ್ ಟ್ಯಾಂಕಿನಡಿಯ ಕಾಯಿಲ್‌ಗೆ ಮೀಟರ್ ಹಿಡಿದು ನೋಡಿದ. ಎಲ್ಲ ಚಿನ್ನದಂತಿತ್ತು.

ಅಜ್ಜ ಒಂದು ದಿನ ಪೆಟ್ರೋಲ್ ಬಿಡುವ ಕಾಕ್ ತೆರೆಯುವುದನ್ನು ನಿಜವಾಗಿಯೇ ಮರೆತಿದ್ದನಂತೆ. ಅಂದಿನಿಂದ ಗಾಡಿ ನಿಂತಾಗಲೆಲ್ಲ ಮನೆಯವರ ಮೊದಲ ಮಾತು ಅದೇ ಆಯಿತು. ಬಟ್ಟೆ ಹೊಲಿಯುವ ಅವನ ಮಗಳು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದು, ತಪ್ಪು ಗಾಡಿಯದೋ ಅಪ್ಪನದೋ, ನಿಜ ಹೇಳಿ ಎಂದು ಕೇಳಿದಾಗ ಮೇಸ್ತ್ರಿ ತಲೆಯೆತ್ತಲಿಲ್ಲ.

"ಗಾಡಿಯಲ್ಲಿ ಏನೂ ಇಲ್ಲ ಕಣಮ್ಮ. ಮರೆವಿಗೆ ನನ್ನ ಹತ್ರ ಸ್ಪ್ಯಾನರ್ ಇಲ್ಲ. ನಿಮ್ಮಪ್ಪನ್ನ ಡಾಕ್ಟರಿಗೆ ತೋರಿಸು."

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಹೊರಟುಹೋದಳು.

ನಾಲ್ಕು ದಿನ ಬಿಟ್ಟು ಅಜ್ಜನೇ ಮನೆಯಿಂದ ಗಾಡಿ ತಳ್ಳಿಕೊಂಡು ಬಂದು ಕೀಯನ್ನು ಮೇಜಿನ ಮೇಲಿಟ್ಟ. ಗಾಡಿ ಬೇಕೆಂದು ಯಾರಾದರೂ ಕೇಳಿದರೆ ಮಾರಿಬಿಡು ಅಂದ. ಮಗಳು ಕೀ ಕೇಳುವ ಮೊದಲೇ ತಾನೇ ಬಿಟ್ಟುಕೊಟ್ಟರೆ ಅವಳಿಗೆ ಸಂಕಟ ತಪ್ಪುತ್ತದೆ ಎನ್ನುವುದು ಅವನ ಲೆಕ್ಕ. ಹಾಗೆ ಹೇಳುವಾಗ ಅವನ ಅಂಗೈ ತೆರೆಯಿತು. ಅದರ ಮೇಲೆ ಪೆನ್ನಿನಲ್ಲಿ 'ಕಾಕ್ ತೆರೆದೆ' ಎಂದು ಬರೆದಿತ್ತು. ಅದರಡಿಯಲ್ಲಿ ತಾರೀಖು, ಗಂಟೆ.

"ದಿನಾ ಬರೀತೀರಾ?" ಮೇಸ್ತ್ರಿ ಕೇಳಿದ.

"ತೆರೆದ ತಕ್ಷಣ ಬರೀತೀನಿ. ಇವತ್ತೂ ಬರೆದೆ, ಇವತ್ತೂ ನಿಲ್ತು. ಈಗ ನೋಡು, ತೆರೆದು ಬರೆದ್ನೋ, ಬರೆದು ತೆರೆಯೋದು ಮರೆತ್ನೋ ಅಂತ ನನಗೇ ಅನುಮಾನ. ಇಂಥವನ ಹಿಂದೆ ಮಗುನ ಕೂರಿಸ್ಬಾರದು ಮೇಸ್ತ್ರಿ."

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಗದರುವ ದನಿಯಲ್ಲೇ, ಗಾಡಿ ನಿಲ್ಲುವುದು ಎಲ್ಲಿ ಎಂದು ಕೇಳಿದ. ಎರಡು ತಿಂಗಳಲ್ಲಿ ಅವನು ಕೇಳದೆ ಬಿಟ್ಟಿದ್ದ ಪ್ರಶ್ನೆ ಅದೊಂದೇ.

"ನೀರಿನ ಟ್ಯಾಂಕ್ ಹತ್ರ. ಯಾವಾಗ್ಲೂ ಅಲ್ಲೇ."

ನೀರಿನ ಟ್ಯಾಂಕೆಂದರೆ ಅಜ್ಜನ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಕಾಕ್ ಮುಚ್ಚಿದ್ದರೆ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿಗೆ ಗಾಡಿ ಎರಡು ಬೀದಿ ದಾಟಿದರೆ ಹೆಚ್ಚು. ಮೇಸ್ತ್ರಿ ತನ್ನ ಹಣೆಯನ್ನು ತಾನೇ ಗಟ್ಟಿಸಿಕೊಂಡ. ಕೀ, ಸ್ಪ್ಯಾನರ್ ಎತ್ತಿಕೊಂಡು, ಒಂದು ಬಾಟಲಿ ನೀರು ಮತ್ತು ಕೈಯೊರೆಸುವ ಬಟ್ಟೆಯನ್ನು ಅಜ್ಜನ ಕೈಗೆ ಕೊಟ್ಟು, ಹಿಂದೆ ಕೂರಿ ಅಂದ. ಹೊರಡುವ ಮೊದಲು ಅಜ್ಜನ ಕೈಯಲ್ಲೇ ಕಾಕ್ ತೆರೆಸಿ, ಕಣ್ಣಾರೆ ನೋಡಿಕೊಂಡ.

ಹಿಂದಿನ ಸೀಟಿನಲ್ಲಿ ಕೂತ ಅಜ್ಜ ದಾರಿಯುದ್ದಕ್ಕೂ ಡ್ರೈವಿಂಗ್ ಪಾಠ ಮಾಡಿದ. ತಿರುವಿನಲ್ಲಿ ಗೇರ್ ಇಳಿಸು ಅಂದ, ಹಾರನ್ ಯಾಕೆ ಅಂದ. ಬೇರೆ ದಿನವಾಗಿದ್ದರೆ ಮೇಸ್ತ್ರಿ ಅಲ್ಲೇ ಇಳಿಸಿಬಿಡುತ್ತಿದ್ದ. ಅಂದು ಹೇಳಿದಂತೆ ಗೇರ್ ಇಳಿಸಿದ.

ನೀರಿನ ಟ್ಯಾಂಕಿನ ಹತ್ತಿರ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ಕಾಕ್ ತೆರೆದೇ ಇತ್ತು. ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಸಲ ಮೇಸ್ತ್ರಿ ಕೊತಕೊತ ಕಾದ ಇಂಜಿನ್ನಿಗೆ ಕೈ ಹಾಕಿದ. ಪ್ಲಗ್ ಬಿಚ್ಚಿದರೆ ಪೆಟ್ರೋಲಿನಲ್ಲಿ ತೊಯ್ದಿತ್ತು, ಪೆಟ್ರೋಲಿಗೇನೂ ಕೊರತೆಯಿರಲಿಲ್ಲ. ಅದನ್ನು ವೈರ್‌ಗೆ ಸಿಕ್ಕಿಸಿ, ಇಂಜಿನ್ನಿಗೆ ಆನಿಸಿ ಕಿಕ್ ಹೊಡೆದ. ಕಿಡಿಯೇ ಇಲ್ಲ. ಬಟ್ಟೆಯನ್ನು ನೀರಲ್ಲಿ ಅದ್ದಿ, ಪೆಟ್ರೋಲ್ ಟ್ಯಾಂಕಿನಡಿಗೆ ಕೈ ತೂರಿಸಿ, ಕಾಯಿಲ್‌ಗೆ ಮಾತ್ರ ಸುತ್ತಿದ. ಬೆರಳು ಚುರ್ ಅಂದರೂ ತೆಗೆಯಲಿಲ್ಲ. ಐದು ನಿಮಿಷ ನೀರು ಹನಿಸುತ್ತಾ ಕೂತು ಮತ್ತೆ ಕಿಕ್ ಹೊಡೆದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ ಎಂದಿತು.

"ನೋಡಿದ್ರಾ? ಕಾಯಿಲ್. ಒಳಗಿನ ತಂತಿ ಎಲ್ಲೋ ಬಿಟ್ಟಿದೆ. ಕಾದ್ರೆ ದೂರ ಆಗುತ್ತೆ, ತಣಿದ್ರೆ ಕೂಡ್ಕೊಳ್ಳುತ್ತೆ. ಗಾಡಿ ತಣ್ಣಗಿದ್ದಾಗ್ಲೇ ನಾನು ನೋಡ್ತಿದ್ದೆ."

ಅಜ್ಜ ಕಿಡಿಯನ್ನು ನೋಡಲಿಲ್ಲ, ತನ್ನ ಅಂಗೈ ನೋಡಿಕೊಂಡ. "ಹಾಗಾದ್ರೆ ನಾನು ತೆರೆದಿದ್ದೆ," ಅಂದ, ತನಗೇ ಹೇಳಿಕೊಳ್ಳುವಂತೆ.

"ದಿನಾ ತೆರೆದಿದ್ರಿ."

ಗ್ಯಾರೇಜಿಗೆ ಹೋಗುವ ಮೊದಲು ಮೇಸ್ತ್ರಿ ಗಾಡಿಯನ್ನು ಅಜ್ಜನ ಮನೆಗೇ ತಿರುಗಿಸಿದ. ನಡುವೆ ಒಮ್ಮೆ ನಿಲ್ಲಿಸಿ, ಕಾಯಿಲ್‌ನ ಬಟ್ಟೆಗೆ ಮತ್ತೆ ನೀರು ಕುಡಿಸಬೇಕಾಯಿತು. ಮಗಳು ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ಬಂದಳು. ಅಪ್ಪ ಮತ್ತೆ ಎಲ್ಲೋ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದನೆಂದೇ ಅವಳ ಮುಖ ಹೇಳುತ್ತಿತ್ತು.

ಮೇಸ್ತ್ರಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಜಗಳಕ್ಕೆ ಬಂದವನಂತೆ ನಿಂತು ಹೇಳಿದ.

"ನಾನವತ್ತು ಹೇಳಿದ್ದು ಸುಳ್ಳಮ್ಮ. ಗಾಡಿಯಲ್ಲೇ ದೋಷ ಇತ್ತು, ನನ್ನ ತಲೆಯಲ್ಲೂ ಇತ್ತು. ನಿಮ್ಮಪ್ಪ ಒಂದು ದಿನ ಮರೆತಿರ್ಬಹುದು. ಒಂದು ದಿನ ಯಾರು ಮರೆಯಲ್ಲ? ನಾಳೆ ಹೊಸ ಕಾಯಿಲ್ ಹಾಕ್ತೀನಿ. ನಾಡಿದ್ದು ಮಗುನ ಶಾಲೆಗೆ ಇವರೇ ಬಿಡಲಿ."

ಕೀಯನ್ನು ಅವಳ ಕೈಗೆ ಕೊಡದೆ ಅಜ್ಜನ ಜೇಬಿಗೆ ಹಾಕಿದ.

ಮಗಳು ಅಪ್ಪನ ಕೈ ಹಿಡಿದಳು. ಅಂಗೈ ಮೇಲಿನ ಅಕ್ಷರಗಳನ್ನು ಅವಳು ಈವರೆಗೆ ನೋಡಿರಲಿಲ್ಲ. ಓದಿದಳು, ಮತ್ತೆ ಓದಿದಳು. ಕಾಯಿಲ್‌ನಿಂದ ಬಿಚ್ಚಿ ಅಜ್ಜ ಇನ್ನೊಂದು ಕೈಯಲ್ಲಿ ಹಿಡಿದಿದ್ದ ಒದ್ದೆ ಬಟ್ಟೆಯನ್ನು ಕಸಿದುಕೊಂಡು ಒರೆಸತೊಡಗಿದಳು. ಬಟ್ಟೆಯ ತುಂಬ ಇಂಜಿನ್ನಿನ ಜಿಡ್ಡು. ಒರೆಸಿದಷ್ಟೂ ಕೈ ಕಪ್ಪಾಯಿತು.

"ಇನ್ನೂ ಕೊಳೆ ಮಾಡ್ತಿದ್ದೀಯಲ್ಲೇ," ಅಂದ ಅಜ್ಜ.

"ಸುಮ್ನಿರಪ್ಪ ನೀನು," ಅಂದಳು. ಮೂಗು ಸೊರಸೊರ ಅನ್ನುತ್ತಿತ್ತು. ಅವನು ಕೈ ಎಳೆದುಕೊಳ್ಳಲಿಲ್ಲ.