ಖಾಲಿ ಗಾಡಿಯ ಕುಣಿತ

ನಾನು ಒಂದು ಪಿಕಪ್ ಗಾಡಿ. ನನ್ನ ಹುಟ್ಟೇ ಭಾರ ಹೊರುವುದಕ್ಕೆ. ಕಾರ್ಖಾನೆಯಲ್ಲಿ ನನ್ನ ಹಿಂದಿನ ಗಾಲಿಗಳ ಮೇಲೆ ದಪ್ಪ ಸ್ಪ್ರಿಂಗ್ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದರು. ನನ್ನ ಮೊದಲ ಯಜಮಾನ ಬಾಗಲಕೋಟೆಯ ಸಿಮೆಂಟ್ ಅಂಗಡಿಯವ. ಅಷ್ಟು ಸಾಲದೆಂದು ಆತ ಇನ್ನೊಂದು ಪಟ್ಟಿ ಸೇರಿಸಿದ. ಆಗ ನನಗೆ ಬಂದ ಜಂಬ ಅಷ್ಟಿಷ್ಟಲ್ಲ.

ಆದರೆ ನನ್ನದೊಂದು ಕೆಟ್ಟ ಚಾಳಿ. ಬೆನ್ನ ತುಂಬ ಮಾಲಿದ್ದರೆ ಪಟ್ಟಿಗಳು ಬಾಗಿ ರಸ್ತೆಯ ಗುಂಡಿಗಳನ್ನು ನುಂಗಿಕೊಳ್ಳುತ್ತವೆ, ನಾನು ತೊಟ್ಟಿಲಿನಂತೆ ಸಾಗುತ್ತೇನೆ. ಖಾಲಿ ಇದ್ದರೆ ಅವು ಬಾಗುವುದೇ ಇಲ್ಲ. ಸಣ್ಣ ಕಲ್ಲು ಸಿಕ್ಕರೂ ನನ್ನ ಹಿಂಭಾಗ ಎಗರಿ ಬೀಳುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತನ್ನು ನನಗೆಂದೇ ಹೇಳಿರಬೇಕು.

ಸಿಮೆಂಟಿನವನಿಂದ ಲೋಕಾಪುರದ ದ್ಯಾಮಣ್ಣನ ಕೈಗೆ ಬಂದೆ. ಆತ ನನ್ನ ಮೇಲೆ ನೆಲಕ್ಕೆ ಹಾಸುವ ಪರಸಿ ಕಲ್ಲು ಸಾಗಿಸುತ್ತಿದ್ದ. ಅವನ ಹೆಂಡತಿ ಕಸ್ತೂರಿ ಮೊದಲ ಸಲ ಬಸುರಾದಾಗ ನನ್ನಲ್ಲೇ ಕುಳಿತು ದವಾಖಾನೆಗೆ ಹೋಗಿಬಂದಳು. ಅಂದು ಹಿಂದೆ ಮಾಲಿರಲಿಲ್ಲ. ದಾರಿಯುದ್ದಕ್ಕೂ ಅವಳನ್ನು ಕುಣಿಸಿಬಿಟ್ಟೆ. ಆ ವಾರವೇ ಗರ್ಭ ಹೋಯಿತು. ಗಾಡಿಯಿಂದ ಆದದ್ದಲ್ಲ ಎಂದು ಡಾಕ್ಟರಮ್ಮ ಎಷ್ಟೋ ಹೇಳಿದರು. ಓಣಿಯ ಹೆಂಗಸರು ಕೇಳಬೇಕಲ್ಲ? ನನ್ನ ಪಕ್ಕ ಹಾದಾಗಲೆಲ್ಲ ಮುಖ ತಿರುಗಿಸುತ್ತಿದ್ದರು. ಭೂಮಿ ಬಾಯ್ಬಿಟ್ಟರೆ ಸಾಕೆನಿಸುತ್ತಿತ್ತು. ಕಸ್ತೂರಿ ಮಾತ್ರ ಒಂದು ಮಾತೂ ಬಯ್ಯಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ನಾಚಿಕೆ.

ಮರುವರ್ಷ ಅವಳು ಮತ್ತೆ ಬಸುರಾದಳು. ಏಳನೆಯ ತಿಂಗಳಲ್ಲಿ ಹಸಿರು ಸೀರೆ ಉಡಿಸಿ ಸೀಮಂತದ ಕುಬಸ ಮಾಡಿದರು. ಹೆರಿಗೆಗೆ ತವರಿಗೆ ಕರೆದೊಯ್ಯಲು ಅವಳ ಅಪ್ಪ ಮುದಕಪ್ಪ ಬಂದಿದ್ದ. ದ್ಯಾಮಣ್ಣ ಇಬ್ಬರನ್ನೂ ನನ್ನಲ್ಲೇ ಬಿಟ್ಟುಬರುವುದೆಂದಾಯಿತು. ಮುದಕಪ್ಪ ಹೊರಗೆ ಬಂದು ನೋಡುತ್ತಾನೆ, ನನ್ನ ಬೆನ್ನ ಮೇಲೆ ಹೇರು ಪರಸಿ ಕಲ್ಲು.

“ಇದೇನ್ರಿ ಅಳಿಯಾರ? ಹಸರ ಸೀರಿ ಉಟ್ಟ ಮಗಳನ್ನ ಕಲ್ಲಿನ ಜೋಡಿ ಕಳಸ್ತೀರೇನು? ಹೆಂಗೂ ಗಾಡಿ ಹೊಂಟೈತಿ, ಒಂದ್ ಬಾಡಿಗಿನೂ ಆಗ್ಲಿ ಅಂತ?”

ದ್ಯಾಮಣ್ಣ ತಲೆ ತಗ್ಗಿಸಿದ. ಹೋದ ವರ್ಷದ ಸಂಕಟವನ್ನು ಇಂಥ ಶುಭದ ದಿನ, ಒಳಗಿರುವ ಬಸುರಿಗೆ ಕೇಳುವಂತೆ, ಬಾಯಿಬಿಟ್ಟು ಹೇಗೆ ಹೇಳಿಯಾನು?

“ಇಳಸ್ತೀನ್ರಿ ಮಾವಾರ” ಎಂದು ಕಲ್ಲಿಗೆ ಕೈ ಹಾಕಿದ.

ಒಂದೊಂದು ಕಲ್ಲು ಇಳಿದಂತೆ ನನ್ನ ಪಟ್ಟಿಗಳು ಸೆಟೆದುಕೊಳ್ಳತೊಡಗಿದವು. ಅಯ್ಯೋ, ಮತ್ತೆ ಅದೇ ಕುಣಿತ, ಮತ್ತೆ ಅವಳೇ! ಬೇಡ ಎಂದು ಕೂಗಲು ನನಗಿದ್ದದ್ದು ಹಾರ್ನ್ ಒಂದೇ, ಅದನ್ನೂ ಬೇರೆಯವರೇ ಒತ್ತಬೇಕು.

ಕೊನೆಗೆ ಕಸ್ತೂರಿಯೇ ಹೊಸ್ತಿಲು ದಾಟಿ ಬಂದಳು.

“ಯಪ್ಪಾ, ಅವು ಬಾಡಿಗಿ ಕಲ್ಲಲ್ಲ. ನನ್ನ ಸಲುವಾಗಿ ಹೇರ್ಯಾರ. ಖಾಲಿ ಗಾಡ್ಯಾಗ ಕುಂಡ್ರಾಕ ನನಗ ಅಂಜಿಕಿ ಬರ್ತೈತಿ. ಹಿಂದ ವಜ್ಜಿ ಇದ್ರ ಗಾಡಿ ಕುಣ್ಯಂಗಿಲ್ಲ.”

ಮುದಕಪ್ಪನ ಮುಖ ಸಣ್ಣದಾಯಿತು. ರುಮಾಲು ಬಿಚ್ಚಿ ಸೊಂಟಕ್ಕೆ ಬಿಗಿದುಕೊಂಡ. ಇಳಿಸಿದ ಕಲ್ಲುಗಳನ್ನು ಅಳಿಯನ ಜೊತೆ ತಾನೂ ಎತ್ತಿ ಹಾಕಿದ. ಮುಂದೆ ಮಗಳ ಪಕ್ಕದಲ್ಲಿ ಜಾಗವಿತ್ತು, ದ್ಯಾಮಣ್ಣ ಬಾಗಿಲು ತೆಗೆದು ಹಿಡಿದ. ಮುದುಕ ಅತ್ತ ನೋಡದೆ ಹಿಂದೆ ಹತ್ತಿ ಕಲ್ಲಿನ ಮೇಲೆ ಕುಳಿತ.

“ನನ್ನೂ ಒಂದ್ ಕಲ್ಲಂತ ಹಿಡೀರಿ ಅಳಿಯಾರ. ನಡೀರಿ.”

ಕಸ್ತೂರಿ ದಾರಿಯಲ್ಲಿ ನಿದ್ದೆಹೋದಳು. ಎರಡು ತಿಂಗಳಿಗೆ ಹೆಣ್ಣು ಹೆತ್ತಳು, ತಾಯಿ ಮಗು ಇಬ್ಬರೂ ಕ್ಷೇಮ. ನಾನೀಗ ಗುಜರಿ ಅಂಗಳದಲ್ಲಿ ಬಿದ್ದಿದ್ದೇನೆ, ಪಟ್ಟಿಗಳಿಗೆ ತುಕ್ಕು ಹಿಡಿದಿದೆ. ಆದರೂ ನಾನೊಂದಿಷ್ಟು ಮೆತ್ತಗಾಗಲೆಂದು ಊರು ಮುಟ್ಟುವವರೆಗೆ ಬಿಸಿಲಲ್ಲಿ ಕಲ್ಲಾಗಿ ಕುಳಿತಿದ್ದ ಆ ಮುದುಕ ನೆನಪಾದರೆ, ಇವತ್ತಿಗೂ ನನಗೆ ತಲೆ ಎತ್ತಲಾಗುವುದಿಲ್ಲ.