ಗಂಡನ ಕಾಯಿಲೆ, ಹೆಂಡತಿಯ ಚೀಟಿ

ನಾನು ಮಾಲತಿ. ಧರ್ಮಪುರಿ ಹತ್ತಿರದ ನಲ್ಲಂಪಳ್ಳಿ ಸುತ್ತಿನ ಊರುಗಳಲ್ಲಿ ಮನೆಮನೆಗೆ ಹೋಗಿ ಬಿ.ಪಿ., ಶುಗರ್ ಮಾತ್ರೆ ಕೊಡುವವಳು. ನಮ್ಮ ಗಂಡಸರಿಗೆ ಏನೇ ಆದರೂ ಹೇಳುವುದು ಹೆಂಡತಿ. ಅವರಿಗೆ ತಲೆ ಸುತ್ತುತ್ತಂತೆ ಎಂದು ಅವಳು ಬಾಗಿಲಲ್ಲಿ ನಿಂತು ಹೇಳುತ್ತಾಳೆ, ಅವರು ಜಗುಲಿಯ ಮೇಲೆ ಫೋನ್ ನೋಡುತ್ತಾ ಕೂತಿರುತ್ತಾರೆ. ಇದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಮ್ಮ ಬೀದಿಯ ಪ್ರಭಾಕರ್ ಜೆಸಿಬಿ ಓಡಿಸುತ್ತಾನೆ, ಗಟ್ಟಿ ಆಳು. ಹೋದ ವರ್ಷ ಅವನ ತಮ್ಮ ತೊಪ್ಪೂರು ಘಾಟಿನ ಇಳಿಜಾರಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಪ್ರಭಾಕರ್ ಒಂದು ಹನಿ ಕಣ್ಣೀರು ಹಾಕದೆ ಎಲ್ಲ ಕಾರ್ಯ ಮುಗಿಸಿದ. ಗಂಡಸು ಅಂದರೆ ಇವನು ಎಂದು ಊರೆಲ್ಲ ಮೆಚ್ಚಿಕೊಂಡಿತು. ಆಮೇಲೆ ಅವನಿಗೆ ನಿದ್ದೆ ಬಾರದಾಯಿತು, ಊಟ ಸೇರದಾಯಿತು, ವಾರದಲ್ಲಿ ನಾಲ್ಕು ದಿನ ಕೆಲಸಕ್ಕೇ ಹೋಗಲಿಲ್ಲ. ಬದುಕಿ ಏನು ಪ್ರಯೋಜನ ಎಂದು ಒಂದು ದಿನ ಹೆಂಡತಿ ಮಾಲಾಳ ಮುಂದೆ ಅಂದುಬಿಟ್ಟ. ಡಾಕ್ಟರ ಹತ್ತಿರ ಹೋಗೋಣ ಎಂದರೆ, ನಾನೇನು ಪೈತ್ಯಕಾರನಾ, ಹುಚ್ಚನಾ ಎಂದು ಸಿಡುಕಿದ.

ಪಾಪ, ಮಾಲಾ ಒಬ್ಬಳೇ ಧರ್ಮಪುರಿಗೆ ಹೋಗಿ ಮನಸ್ಸಿನ ಡಾಕ್ಟರ ಸಾಲಿನಲ್ಲಿ ನಿಂತಳು. ತನ್ನ ಹೆಸರಲ್ಲೇ ಚೀಟಿ ಬರೆಸಿ, ನಿದ್ದೆಯಿಲ್ಲ, ಬದುಕೋದು ಬೇಡ ಅನ್ನಿಸುತ್ತದೆ ಎಂದು ಗಂಡನ ಸಂಕಟವನ್ನೆಲ್ಲ ತನ್ನದೆಂದು ಹೇಳಿದಳು. ತಂದ ಮಾತ್ರೆಯನ್ನು ಅವನಿಗೆ ಕೊಟ್ಟಳು. ಅವನು ನಾಲ್ಕು ದಿನ ನುಂಗಿ, ಏನೂ ಆಗಲಿಲ್ಲವೆಂದು ಎಸೆದ. ಯಾರೂ ಹೀಗೆ ಮಾಡಬೇಡಿ. ಡಾಕ್ಟರು ಎದುರಿಗೆ ಕೂತವರನ್ನು ನೋಡಿ, ಕೇಳಿ ಮಾತ್ರೆ ಬರೆಯುತ್ತಾರೆ. ಅದನ್ನು ಇನ್ನೊಬ್ಬರು ನುಂಗಿದರೆ ಅಪಾಯ.

ಆ ಸಾಲಿನಲ್ಲಿ ಮಾಲಾಳನ್ನು ನಮ್ಮೂರಿನ ಯಾರೋ ನೋಡಿದ್ದರು. ವಾರದೊಳಗೆ ಅವಳಿಗೆ ಹುಚ್ಚು ಎಂದು ಪಳನಿಯಪ್ಪನ್ ಟೀ ಅಂಗಡಿಯಲ್ಲಿ ತೀರ್ಮಾನವಾಯಿತು. ಮಗಳು ಭುವನಾ ಸ್ಕೂಲಿನಿಂದ ಅಳುತ್ತಾ ಬಂದಳು. ಸೊಸೆಗೆ ಗಾಳಿ ಹಿಡಿದಿದೆ ಎಂದ ಅತ್ತೆ ಅಂಜಮ್ಮ, ಹರೂರು ಕಡೆಯ ಒಬ್ಬ ಮಂತ್ರವಾದಿಯನ್ನು ಗೊತ್ತು ಮಾಡಿದಳು. ಅವನು ಬೇವಿನ ಬರಲಲ್ಲಿ ಹೊಡೆದು ಗಾಳಿ ಬಿಡಿಸುತ್ತಾನಂತೆ. ಅಲ್ಲಿಂದ ಮಾಲಾ ನೇರ ತವರಿಗೆ ಹೋಗಬೇಕು, ಮಗಳು ಇಲ್ಲೇ ಇರಬೇಕು ಎಂದೂ ಅತ್ತೆ ಹೇಳಿದಳು. ಗಂಡನ ಮಾನ ಹೋಗುತ್ತದೆಂದು ಮಾಲಾ ಬಾಯಿ ಬಿಡಲಿಲ್ಲ. ನನಗೊಬ್ಬಳಿಗೆ ನಿಜ ಹೇಳಿ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಅಂಜಮ್ಮನಿಗೆ ಮಾತ್ರೆ ಕೊಡಲು ಹೋದಾಗ ಬಾಗಿಲಲ್ಲಿ ಬಾಡಿಗೆ ಕಾರು ನಿಂತಿತ್ತು. ಮಾಲಾಳ ಕೈಯಲ್ಲಿ ಬ್ಯಾಗು. ಭುವನಾ ತಾಯಿಯ ಸೆರಗು ಬಿಡುತ್ತಿರಲಿಲ್ಲ. ಪ್ರಭಾಕರ್ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ನನಗೆ ತಡೆಯಲಾಗಲಿಲ್ಲ.

"ಪ್ರಭಾಕರಾ, ಏಟು ಅವಳ ಬೆನ್ನ ಮ್ಯಾಲೆ ಬೀಳ್ತೈತೆ. ನೀನು ಯೋಳೋದು ಏನೂ ಇಲ್ವಾ?"

ಅವನು ಎದ್ದ. ತಾಯಿಯ ಕಡೆ ತಿರುಗಿದ.

"ಅವ್ವಾ, ಅವಳಿಗೆ ಏನೂ ಆಗಿಲ್ಲ. ನಿದ್ದೆ ಬರ್ದೇ ಇರೋದು ನಂಗೆ. ಸಾಯಬೇಕು ಅನ್ಸೋದೂ ನಂಗೇ. ಆಸ್ಪತ್ರೆಗೆ ಓಗಕ್ಕೆ ನಾಚ್ಕಂಡಿದ್ದೆ. ನನ್ ಬದ್ಲು ಅವಳು ಓಗಿದ್ಲು."

"ಮೆಲ್ಲಗೆ ಮಾತಾಡ್ಲಾ, ಬೀದಿಗೆ ಕೇಳ್ತೈತೆ," ಎಂದಳು ಅಂಜಮ್ಮ.

"ಕೇಳ್ಲಿ. ಅವಳಿಗೆ ಉಚ್ಚು ಅಂದಾಗ ಬೀದೀಲಿ ಯಾರೂ ಮೆಲ್ಲಗೆ ಮಾತಾಡ್ಲಿಲ್ಲ."

ಅಷ್ಟು ಹೇಳಿ ಅವನು ಮತ್ತೆ ಜಗುಲಿಯ ಮೇಲೆ ಕೂತು, ತಮ್ಮನ ಹೆಸರು ಹಿಡಿದು ಅತ್ತ. ವರ್ಷದ ಅಳು ಅದು. ಅಂಜಮ್ಮ ಬಂದು ಮಗನ ಪಕ್ಕ ಕೂತು, "ನನ್ ಒಟ್ಟೆ ಉರೀನೂ ಅದೇ ಕಣ್ಲಾ," ಎಂದಳು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ಅದೇ ಕಾರು ಧರ್ಮಪುರಿಗೆ ಹೋಯಿತು. ಪ್ರಭಾಕರ್ ತನ್ನ ಹೆಸರಲ್ಲೇ ಚೀಟಿ ಮಾಡಿಸಿದ. ಹಳೆಯ ಮಾತ್ರೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಡಾಕ್ಟರು ಗಂಡಹೆಂಡಿರಿಬ್ಬರನ್ನೂ ಗದರಿ, ಆಮೇಲೆ ಅವನ ಮಾತನ್ನು ಸಮಾಧಾನವಾಗಿ ಕೇಳಿದರು. ಇದು ಹುಚ್ಚಲ್ಲ, ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ ಎಂದರು. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ನಡುವೆ ನೀವಾಗಿ ನಿಲ್ಲಿಸಬೇಡಿ, ಬಂದು ಮಾತಾಡುತ್ತಿರಿ ಎಂದು ತಿಳಿಸಿ ಹೇಳಿದರು. ಅವನು ಎರಡು ಸಲ ನಿಲ್ಲಿಸಲು ನೋಡಿದ. ಅಂಜಮ್ಮನೇ ನೀರು ಹಿಡಿದು ಎದುರಿಗೆ ನಿಂತು ನುಂಗಿಸಿದಳು.

ಈಗ ನಾಲ್ಕು ತಿಂಗಳಾಯಿತು. ಪೂರ್ತಿ ಸರಿಹೋಗಿಲ್ಲ, ಆದರೆ ನಿದ್ದೆ ಬರುತ್ತದೆ, ಕೆಲಸಕ್ಕೆ ಹೋಗುತ್ತಾನೆ, ಮಗಳ ಜೊತೆ ಕೂತು ಉಣ್ಣುತ್ತಾನೆ. ಮೊನ್ನೆ ಟೀ ಅಂಗಡಿಯಲ್ಲಿ ಪಳನಿಯಪ್ಪನ್, ಏನಪ್ಪಾ ಪೈತ್ಯ ಬಿಡ್ತಾ ಎಂದು ನಾಲ್ಕು ಜನರ ಮುಂದೆ ಕೆಣಕಿದ.

"ಬಿಡ್ತಾ ಐತೆ ಅಣ್ಣಾ. ಬುಧವಾರ ಮತ್ತೆ ಡಾಕ್ಟರ್ ತಾವ ಓಗ್ತಿವ್ನಿ. ನಿಂಗೂ ನಿದ್ದೆ ಬರಲ್ಲ ಅಂತಿದ್ದೆಯಲ್ಲ, ಬಸ್‌ನಲ್ಲಿ ಸೀಟ್ ಇಡೀಲಾ?" ಎಂದ ಪ್ರಭಾಕರ್. ಪಳನಿಯಪ್ಪನ್ ನಗಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ.

ಅಣ್ಣಂದಿರೇ, ತಮ್ಮಂದಿರೇ, ಎರಡು ವಾರಕ್ಕಿಂತ ಹೆಚ್ಚು ನಿದ್ದೆಯಿಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ ಒದ್ದಾಡುತ್ತಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಹಗಲಾಗಲಿ ರಾತ್ರಿಯಾಗಲಿ ಮಾತಾಡುತ್ತಾರೆ, ಕಾಸು ಕೇಳುವುದಿಲ್ಲ. ಸಾಯಬೇಕು ಅನ್ನಿಸಿದರೆ ಆಗಲೇ ಹತ್ತಿರದವರಿಗೆ ಹೇಳಿ, ಒಬ್ಬರೇ ಇರಬೇಡಿ. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ನಿಮ್ಮ ಬದಲು ಕಳಿಸಬೇಡಿ. ನಗುವವರು ನಗಲಿ. ಅವರು ನಕ್ಕು ಮುಗಿಸುವುದರೊಳಗೆ ನೀವು ಡಾಕ್ಟರ ಎದುರು ಕೂತಿರಿ.