ಬಾರದವರ ಮೊಣಕೈ

ಮುಂಬಯಿಯ ಆ ಆಸ್ಪತ್ರೆಗೆ ಟೆನಿಸ್ ಎಲ್ಬೋ ಎಂಬ ಮೊಣಕೈ ನೋವಿಗೆಂದು ಬರುತ್ತಿದ್ದವರಲ್ಲಿ ಟೆನಿಸ್ ಆಡಿದವರು ಒಬ್ಬರೂ ಇರಲಿಲ್ಲ. ಹೋಟೆಲಿನಲ್ಲಿ ಹಿಟ್ಟು ರುಬ್ಬುವವರು, ಬಡಗಿಗಳು, ನಾಲ್ಕು ಮನೆಯ ಬಟ್ಟೆ ಹಿಂಡುವ ಹೆಂಗಸರು, ಇಂಥವರೇ. ಮೊಣಕೈಯ ಹೊರಮಗ್ಗುಲಿನ ಎಲುಬನ್ನು ಬೆರಳಿನಿಂದ ಒತ್ತಿದರೆ ಸಾಕು, ಗಟ್ಟಿಗರೂ ಹಲ್ಲು ಕಚ್ಚುತ್ತಿದ್ದರು.

ಮೂಳೆ ವಿಭಾಗದ ಮುಖ್ಯಸ್ಥರು ಡಾಕ್ಟರ್ ನೀಲಕಂಠಪ್ಪ. ಧಾರವಾಡದ ಕಡೆಯವರು, ಇಂಗ್ಲೆಂಡಿನಲ್ಲಿ ಕಲಿತು ಬಂದವರು. ೧೯೫೬ರಲ್ಲಿ ಅವರು ಹೈಡ್ರೋಕಾರ್ಟಿಸೋನ್ ಎಂಬ ಹೊಸ ಇಂಜೆಕ್ಷನ್ ತರಿಸಿ, ಅದನ್ನು ಪರೀಕ್ಷಿಸುವ ಕೆಲಸವನ್ನು ತಮ್ಮ ಕೈಕೆಳಗಿನ ಕಿರಿಯ ಡಾಕ್ಟರ್ ಪ್ರಫುಲ್ಲಾಳಿಗೆ ಒಪ್ಪಿಸಿದರು. ಉಡುಪಿಯಲ್ಲಿ ಹುಟ್ಟಿ ದಾದರಿನಲ್ಲಿ ಬೆಳೆದ ಪ್ರಫುಲ್ಲಾ ಆಗಷ್ಟೇ ಓದು ಮುಗಿಸಿದ್ದಳು. ಬಂದ ರೋಗಿಗಳಲ್ಲಿ ಒಬ್ಬರಿಗೆ ಇಂಜೆಕ್ಷನ್, ಮುಂದಿನವರಿಗೆ ಬಿಸಿನೀರಿನ ಶಾಖ ಮತ್ತು ಕೈಗೆ ಬಟ್ಟೆಯ ಜೋಳಿಗೆ ಕಟ್ಟಿ ವಿಶ್ರಾಂತಿ, ಹೀಗೆ ಸರದಿಯಂತೆ ಕೊಟ್ಟಳು. ಆರು ವಾರ ಕಳೆದಮೇಲೆ ಒಮ್ಮೆ ನೋಡುವುದು, ಆರು ತಿಂಗಳಿಗೆ ಇನ್ನೊಮ್ಮೆ ನೋಡುವುದು ಎಂದು ಗೊತ್ತುಮಾಡಿದಳು.

ಆರು ವಾರದ ಫಲ ನೋಡಿ ವಿಭಾಗವೇ ಹಿಗ್ಗಿತು. ಇಂಜೆಕ್ಷನ್ ತೆಗೆದುಕೊಂಡವರು ಹೆಚ್ಚುಕಡಿಮೆ ಎಲ್ಲರೂ ನಗುನಗುತ್ತ ಬಂದು ಕೈ ಝಾಡಿಸಿ ತೋರಿಸಿದರು. ಜೋಳಿಗೆಯವರು ಇನ್ನೂ ನರಳುತ್ತಿದ್ದರು. ಡಿಸೆಂಬರಿನ ಸರ್ಜನರ ಸಮ್ಮೇಳನದಲ್ಲಿ ಇದನ್ನು ಓದುವುದೆಂದು ನೀಲಕಂಠಪ್ಪನವರು ಆಗಲೇ ನಿಶ್ಚಯಿಸಿದರು.

ಆದರೆ ಆರು ತಿಂಗಳ ಹೊತ್ತಿಗೆ ಬಂದವರು ಬೆರಳೆಣಿಕೆಯಷ್ಟು ಮಂದಿ.

"ಬರದವ್ರು ಆರಾಮಾದವ್ರು," ಎಂದರು ನೀಲಕಂಠಪ್ಪ. "ನೋವಿದ್ರ ತಾವಾಗೇ ಬರ್ತಿದ್ರು. ಹಂಗ ಬರೀರಿ."

"ನೋಡದೆ ಹೇಗೆ ಬರೆಯುವುದು ಸರ್?"

"ಈ ಮುಂಬಯಿಯಾಗ ಯಾರನ್ನಂತ ಹುಡುಕ್ತೀರಿ? ಚಾಳಿಂದ ಚಾಳಿಗೆ ತಿರಗ್ತೀರೇನು?"

"ತಿರುಗುತ್ತೇನೆ," ಎಂದಳು ಪ್ರಫುಲ್ಲಾ.

ಅವರು ತಮಾಷೆಗೆ ಕೇಳಿದ್ದರು. ಅವಳು ಮುಂದಿನ ಭಾನುವಾರವೇ ಲೋಕಲ್ ರೈಲು ಹತ್ತಿದಳು.

ಕುರ್ಲಾದ ಹೋಟೆಲೊಂದರ ಹಿಂಬದಿಯಲ್ಲಿ ಕೊರಗಪ್ಪ ಸಿಕ್ಕಿದ. ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಅತ್ಯಂತ ಬೇಗ ಗುಣವಾದವನು ಅವನೇ. ನೀಲಕಂಠಪ್ಪನವರು ಅವನನ್ನು ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿ, ಬೆನ್ನು ತಟ್ಟಿ ಕಳಿಸಿದ್ದರು. ಈಗ ಅವನು ಒರಳಿನ ಮುಂದೆ ಕೂತು ಎಡಗೈಯಲ್ಲಿ ಗುಂಡು ತಿರುಗಿಸುತ್ತಿದ್ದ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಎಷ್ಟು ದಿನದಿಂದ ಹೀಗೆ?"

"ಎರಡು ತಿಂಗಳು ಪಸಂದಾಗಿತ್ತು. ಮತ್ತೆ ಬಂತು ನೋಡಿ, ಮೊದಲಿಗಿಂತ ಜೋರು. ಈಗ ಚಾದ ಗ್ಲಾಸು ಸಹ ಎತ್ಲಿಕ್ಕೆ ಆಗುವುದಿಲ್ಲ."

"ಆಸ್ಪತ್ರೆಗೆ ಯಾಕೆ ಬರಲಿಲ್ಲ ಮತ್ತೆ?"

ಕೊರಗಪ್ಪ ತಲೆ ತಗ್ಗಿಸಿದ. "ಅಷ್ಟು ದೊಡ್ಡ ಡಾಕ್ಟ್ರು ಎಲ್ಲರ ಎದುರು ಗುಣ ಆಯ್ತು ಅಂದ್ರಲ್ಲ. ಇಲ್ಲ ಅಂತ ಹೇಳ್ಲಿಕ್ಕೆ ಹೋದ್ರೆ ಅವರ ಮರ್ಯಾದೆ ಏನಾಗುವುದು?"

ಪ್ರಫುಲ್ಲಾ ಅವನ ಮೊಣಕೈ ಹಿಡಿದು ಒತ್ತಿದಳು. ಅವನು ಉಸಿರು ಬಿಗಿಹಿಡಿದ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಇಂಜೆಕ್ಷನ್ ಚುಚ್ಚಿದ ಕೈ ಅವಳದೇ ತಾನೆ.

ಅದೇ ಸಂಜೆ ಘಾಟ್ಕೋಪರಿನಲ್ಲಿ ಒಂದೊಂದೇ ಕೋಣೆಯ ಮನೆಗಳ ಸಾಲಾದ ಚಾಳೊಂದರಲ್ಲಿ ಚಂದ್ರವ್ವನನ್ನು ಹುಡುಕಿದಳು. ವಿಜಾಪುರದ ಹೆಂಗಸು. ತನಗೆ ಸೂಜಿ ಚುಚ್ಚದೆ ಬರೀ ಬಟ್ಟೆ ಕಟ್ಟಿ ಕಳಿಸಿದರೆಂದು ಅಂದು ವಾರ್ಡು ನಡುಗುವಂತೆ ಜಗಳ ಆಡಿದ್ದಳು. ಈಗ ನಲ್ಲಿಯ ಬಳಿ ತುಂಬಿದ ಕೊಡವನ್ನು ಅಂದು ನೋಯುತ್ತಿದ್ದ ಕೈಯಲ್ಲೇ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಆರಾಮ ಅದೀನಿ ಬಾಯಿ. ಆರಾಮ ಆದಮ್ಯಾಲ ದವಾಖಾನಿಗೆ ಯಾಕ ಬರ್ಲಿ?"

ಮುಂದಿನ ಭಾನುವಾರಗಳೂ ಹೀಗೇ ಕಳೆದವು. ಇಂಜೆಕ್ಷನ್ನಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನೋವು ಮರಳಿತ್ತು. ಜೋಳಿಗೆಯವರು ಬಹುಮಟ್ಟಿಗೆ ಸುಧಾರಿಸಿದ್ದರು. ಪ್ರಫುಲ್ಲಾ ಎಲ್ಲವನ್ನೂ ಬರೆದು ನೀಲಕಂಠಪ್ಪನವರ ಮೇಜಿನ ಮೇಲಿಟ್ಟಳು. ಅವರು ನಿಧಾನವಾಗಿ ಓದಿದರು. ಓದಿ ಕನ್ನಡಕ ತೆಗೆದರು.

"ಸಮ್ಮೇಳನದಾಗ ಆರು ವಾರದ್ದಷ್ಟ ಓದ್ರಿ. ಇದು ಮುಂದ ನೋಡೋಣು."

ಅವಳು ಹಾಳೆಗಳನ್ನು ಎತ್ತಿಕೊಂಡು ಹೊರಟಳು. ಅವರು ಅದನ್ನು ಒಪ್ಪಿಗೆ ಎಂದುಕೊಂಡರು.

ಸಮ್ಮೇಳನದ ದಿನ ಪ್ರಫುಲ್ಲಾ ಆರು ವಾರದ ಫಲ ಓದಿದಳು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ನೀಲಕಂಠಪ್ಪನವರು ಪಕ್ಕದವರ ಕೈ ಕುಲುಕುತ್ತಿದ್ದರು. ಅವಳು ವೇದಿಕೆ ಇಳಿಯಲಿಲ್ಲ.

"ಇದು ಅರ್ಧ ಮಾತ್ರ," ಎಂದಳು.

ಆರು ತಿಂಗಳದ್ದನ್ನು ಓದತೊಡಗಿದಾಗ ಸಭಾಂಗಣದ ಗುಜುಗುಜು ಅಡಗಿತು. ಅಧ್ಯಕ್ಷರು ಗಂಟೆ ಬಾರಿಸಿದರು. ಅವಳು ದನಿ ಏರಿಸಿದಳು. ಇನ್ನೊಮ್ಮೆ ಬಾರಿಸಿದರು. ಅವಳು ಕೊನೆಯ ಸಾಲಿನವರೆಗೂ ಓದಿಯೇ ನಿಲ್ಲಿಸಿದಳು.

ಹಿಂದಿನಿಂದ ಯಾರೋ ಎದ್ದು, "ಹಾಗಾದರೆ ಈ ಇಂಜೆಕ್ಷನ್ ಕೆಟ್ಟದ್ದೆನ್ನುತ್ತೀರಾ?" ಎಂದು ಕೇಳಿದರು.

"ಹಾಗಲ್ಲ. ನೋವನ್ನು ಬೇಗ ಕಳೆಯುತ್ತದೆ, ನಾನೇ ಕಂಡಿದ್ದೇನೆ. ಆದರೆ ನೋವು ಹೋದ ಕೈಯೆಲ್ಲ ಗುಣವಾದ ಕೈಯಲ್ಲ. ನಾವು ಬೇಗ ನೋಡಿ ಬೇಗ ಸಂತೋಷಪಟ್ಟೆವು."

ಹೊರಗಿನ ವರಾಂಡದಲ್ಲಿ ನೀಲಕಂಠಪ್ಪನವರು ಕಾದಿದ್ದರು. ಅವರ ಮುಖ ಕೆಂಪಾಗಿತ್ತು, ದನಿ ಮಾತ್ರ ತಗ್ಗಿತ್ತು.

"ನನ್ನ ಕಡೆ ಕಲ್ತು ನನಗ ತಿರುಗಿ ಬಿದ್ರಿ."

"ನಿಮಗೆ ತಿರುಗಿ ಬೀಳಲಿಲ್ಲ ಸರ್. ಕೊರಗಪ್ಪನ ಕೈ ನೀವೇ ಒಮ್ಮೆ ಒತ್ತಿ ನೋಡಿ. ನೋಡಿದಮೇಲೆ ನಾನು ಹೇಳಿದ್ದು ಸುಳ್ಳು ಅನ್ನಿ, ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ."

ಅವರು ಜೇಬಿನಿಂದ ಪೆನ್ನು ತೆಗೆದು ಅವಳತ್ತ ಚಾಚಿದರು. "ಪೇಪರ್ ಆರು ವಾರದ್ದಷ್ಟ ಛಾಪ್ಸೋದು. ನಿಮ್ಮ ಹೆಸರೂ ಇರತದ. ಸಹಿ ಮಾಡ್ರಿ, ಇದನ್ನ ಮರೆಯೋಣು."

ಇಷ್ಟು ದಿನ ಅವಳು ಆಸೆಪಟ್ಟಿದ್ದು ಅದನ್ನೇ: ಅಚ್ಚಿನಲ್ಲಿ ತನ್ನ ಹೆಸರು.

"ಅರ್ಧಕ್ಕೆ ನನ್ನ ಹೆಸರು ಬೇಡ ಸರ್."

ವಾರ ಕಳೆಯುವುದರೊಳಗೆ ಅವಳನ್ನು ವಿಭಾಗದಿಂದ ತೆಗೆದು, ಕೆಮ್ಮು ನೆಗಡಿಯ ಹೊರರೋಗಿಗಳ ಕೋಣೆಗೆ ಹಾಕಿದರು. ರೋಗಿಗಳ ಮನೆಗೆ ಹೋಗಕೂಡದೆಂಬ ಆಜ್ಞೆಯೂ ಬಂತು. ಅದನ್ನು ತಂದುಕೊಟ್ಟ ಹೆಡ್ ಕ್ಲಾರ್ಕ್ ಶಿವಪುತ್ರಪ್ಪನಿಗೆ ಅವಳ ಮೇಲೆ ಕನಿಕರವಿತ್ತು.

"ಸುಮ್ನ ಇದ್ದುಬಿಡ್ರಿ ಡಾಕ್ಟರ್‌ಬಾಯಿ. ಒಂದೆರಡು ವರ್ಷದಾಗ ಎಲ್ಲಾ ತಣ್ಣಗಾಗತದ."

"ಡ್ಯೂಟಿಯ ಹೊತ್ತಿನಲ್ಲಿ ಹೋಗುವುದಿಲ್ಲ ಅಂತ ಹೇಳಿ ಅವರಿಗೆ. ಭಾನುವಾರ ನನ್ನದು."

ಆ ಭಾನುವಾರ ಮೊದಲು ಕುರ್ಲಾದಲ್ಲಿ ಇಳಿದು, ಕೊರಗಪ್ಪನ ಧಣಿಯೊಡನೆ ತುಳುವಿನಲ್ಲಿ ವಾದಕ್ಕೆ ನಿಂತಳು. ಮಳೆಗಾಲದವರೆಗೆ ಅವನನ್ನು ಒರಳಿನಿಂದ ಎಬ್ಬಿಸಿ ಗಲ್ಲಾದ ಬಳಿ ಕೂರಿಸುವುದೆಂದು ಒಪ್ಪಿಸಿಯೇ ಹೊರಬಿದ್ದಳು. ಅಲ್ಲಿಂದ ಘಾಟ್ಕೋಪರಿಗೆ ಹೋದಳು. ಅವಳ ರೋಗಿಗಳಲ್ಲಿ ಮೋನಪ್ಪನೆಂಬ ಬಡಗಿಯೊಬ್ಬ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಮೂರು ಚಾಳು ಕೇಳಿದಮೇಲೆ ಅವನ ಬಾಗಿಲು ಸಿಕ್ಕಿತು. ಬಾಗಿಲು ತೆರೆದವನು ಅವಳನ್ನು ನೋಡಿ ಗಾಬರಿಯಾದ.

"ಆಸ್ಪತ್ರೆಯಿಂದ ಕಳಿಸಿದ್ರಾ?"

"ಇಲ್ಲ," ಎಂದಳು ಪ್ರಫುಲ್ಲಾ, ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ. "ನಾನೇ ಬಂದೆ. ಎಲ್ಲಿ, ಕೈ ತೋರಿಸಿ."